ಬಣ್ಣ ಅಳಿಸಿದ ಮೇಲಿನ ಬದುಕು ಮತ್ತು ಗುಬ್ಬಿ ವೀರಣ್ಣ

ಗುಬ್ಬಿ ವೀರಣ್ಣನವರ ಹೆಸರನ್ನು ಕೇಳದ ಕನ್ನಡಿಗರು ವಿರಳ. ರಂಗದ ಮೇಲೆ ಆನೆ ಕುದುರೆಗಳನ್ನು ತಂದು ನಿಲ್ಲಿಸಿದವರು, ‘ಸದಾರಮೆ’ಯ ಕಳ್ಳನ ಪಾತ್ರದಿಂದ ಮೂರು ತಲೆಮಾರುಗಳನ್ನು ನಗಿಸಿದವರು, ಸಿಂಗಾನಲ್ಲೂರಿನ ಮುತ್ತುರಾಜನೆಂಬ ಹುಡುಗನನ್ನು ರಾಜ್‌ಕುಮಾರ್ ಆಗುವ ದಾರಿಗೆ ಹಚ್ಚಿದವರು ಎಂಬ ಸಂಗತಿಗಳು ನಮ್ಮ ಶಾಲಾ ಮಕ್ಕಳಿಗೂ ತಿಳಿದಿವೆ. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಪ್ರಶಸ್ತಿ ಕೊಡುತ್ತದೆ. ರಾಜಧಾನಿಯಲ್ಲಿ ಅವರ ಹೆಸರಿನ ರಂಗಮಂದಿರವಿದೆ. ನಟ ವೀರಣ್ಣ, ಮಾಲೀಕ ವೀರಣ್ಣ, ಸಾಹಸಿ ವೀರಣ್ಣ ಇವರೆಲ್ಲರ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ. ಆದರೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನೂರಾರು ಕುಟುಂಬಗಳಿಗೆ ಅನ್ನ, ಸಂಬಳ, ಕೊನೆಗಾಲಕ್ಕೊಂದು ನೆರಳು ಒದಗಿಸಿದ ಒಂದು ಸಂಸ್ಥೆಯನ್ನು ಅವರು ಕಟ್ಟಿದ ಬಗೆಯನ್ನು ಅರ್ಥಶಾಸ್ತ್ರದ ಕಣ್ಣಿನಿಂದ ನೋಡಿದವರು ಕಡಿಮೆ. ನಟನೊಬ್ಬನು ಬಣ್ಣ ಅಳಿಸಿ ಕೆಳಗಿಳಿದ ಮೇಲೆ ಅವನ ಬದುಕು ಏನಾಗುತ್ತದೆ ಎಂಬ ಪ್ರಶ್ನೆಗೆ ಆ ಸಂಸ್ಥೆಯೊಳಗೆ ಒಂದು ಉತ್ತರವಿತ್ತು. ಆ ಉತ್ತರ ಕಳೆದುಹೋಗಿದೆ ಎಂಬುದೇ ಈ ಲೇಖನಕ್ಕೆ ಕಾರಣ.

ಈ ಪ್ರಶ್ನೆ ನನಗೆ ಎದುರಾದದ್ದು ಪುಸ್ತಕದಲ್ಲಲ್ಲ, ನಾನು ಹುಟ್ಟಿ ಬೆಳೆದ ಸೀಮೆಯಲ್ಲಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದೂ ಊರುಗಳು ಇಂದು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. 1953ರವರೆಗೆ ಈ ಭಾಗ ಮದ್ರಾಸಿನ ಆಡಳಿತದಲ್ಲಿತ್ತು. ಆ ಬಳಿಕ ಬಳ್ಳಾರಿ ಜಿಲ್ಲೆಯೊಡನೆ ಮೈಸೂರಿಗೆ ಬಂತು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿ ಕೊನೆಗೆ ಹೊಸ ಜಿಲ್ಲೆಯನ್ನು ಸೇರಿತು. ನಕ್ಷೆ ಎಷ್ಟು ಬಾರಿ ಬದಲಾದರೂ ಬದಲಾಗದೆ ಉಳಿದದ್ದು ಇಲ್ಲಿನ ಜಾತ್ರೆಗಳು ಮತ್ತು ನಾಟಕದ ಹುಚ್ಚು. ಮಾಘ ಮಾಸ ಬಂದಿತೆಂದರೆ ಮೈಲಾರದಲ್ಲಿ ಕಾರ್ಣಿಕ, ಕೊಟ್ಟೂರಿನಲ್ಲಿ ಗುರು ಬಸವೇಶ್ವರನ ತೇರು. ಜೋಳದ ಸುಗ್ಗಿ ಮುಗಿದು ರೈತನ ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತು ಅದು. ಆ ಕಾಸನ್ನು ನೋಡಿಕೊಂಡೇ ನಾಟಕ ಕಂಪನಿಗಳು ತಗಡಿನ ಥಿಯೇಟರುಗಳನ್ನು ಎತ್ತಿಕೊಂಡು ಬಂದು ಮೊಕ್ಕಾಂ ಹೂಡುತ್ತಿದ್ದವು. ಗುಬ್ಬಿ ಕಂಪನಿ ಕಲಿಸಿಕೊಟ್ಟ ಕ್ರಮದಲ್ಲಿಯೇ ಸಣ್ಣ ದೊಡ್ಡ ಕಂಪನಿಗಳೆಲ್ಲ ನಡೆಯುತ್ತಿದ್ದವು ಎಂದರೆ ಅತಿಶಯೋಕ್ತಿಯಾಗದು.

ವೀರಣ್ಣನವರು ಹುಟ್ಟಿದ್ದು 1891ರಲ್ಲಿ, ತುಮಕೂರು ಸೀಮೆಯ ಗುಬ್ಬಿಯಲ್ಲಿ. ಅವರು ಹುಟ್ಟುವ ಮೊದಲೇ, 1884ರಲ್ಲಿ, ಆ ಊರಿನ ನಾಟಕಾಸಕ್ತರು ಸೇರಿ ಚನ್ನಬಸವೇಶ್ವರ ಸ್ವಾಮಿಯ ಹೆಸರಿನಲ್ಲಿ ಒಂದು ನಾಟಕ ಸಂಘವನ್ನು ಕಟ್ಟಿಕೊಂಡಿದ್ದರು. ವ್ಯಾಪಾರಿಗಳು, ಕುಶಲಕರ್ಮಿಗಳು, ಲಿಂಗಾಯತರು, ಮುಸಲ್ಮಾನರು ಎನ್ನದೆ ಊರಿನವರೆಲ್ಲ ಕೂಡಿ ನಡೆಸಿದ ಸಂಘವದು. ಆರು ವರ್ಷದ ಬಾಲಕನಾಗಿದ್ದಾಗಲೇ ವೀರಣ್ಣ ಅದರೊಳಗೆ ಸೇರಿಕೊಂಡರು. ಶಾಲೆಯ ಓದು ಹೆಚ್ಚು ದೂರ ಸಾಗಲಿಲ್ಲ. ಹಾಡು, ಮಾತು, ವಾದ್ಯ, ಬಣ್ಣ, ಪರದೆ, ಲೆಕ್ಕ ಎಲ್ಲವನ್ನೂ ಅವರು ಕಲಿತದ್ದು ಕಂಪನಿಯ ಒಳಗೇ. ಬಾಲಪಾತ್ರ, ಸ್ತ್ರೀಪಾತ್ರ, ಹಾಸ್ಯಪಾತ್ರ ಎಂದು ಒಂದೊಂದೇ ಮೆಟ್ಟಿಲು ಹತ್ತಿದ ಅವರು 1910ರ ದಶಕ ಮುಗಿಯುವ ಹೊತ್ತಿಗೆ ಸಂಘದ ಹೊಣೆಯನ್ನು ತಾವೇ ಹೊತ್ತು ಅದರ ಒಡೆಯರಾದರು. ಕೆಳಗಿನಿಂದ ಮೇಲಕ್ಕೆ ಬಂದ ಮಾಲೀಕನಿಗೆ ಪ್ರತಿಯೊಂದು ಕೆಲಸದ ಕಷ್ಟವೂ ಗೊತ್ತಿರುತ್ತದೆ. ಅವರ ಮುಂದಿನ ನಿರ್ಧಾರಗಳಲ್ಲಿ ಈ ತಿಳಿವಳಿಕೆಯ ಗುರುತನ್ನು ಕಾಣಬಹುದು.

ಅವರ ಕೈಗೆ ಬಂದ ಮೇಲೆ ಕಂಪನಿ ಬೆಳೆದ ಪರಿ ಅಚ್ಚರಿ ಹುಟ್ಟಿಸುತ್ತದೆ. ಒಂದು ಕಾಲಕ್ಕೆ ಒಂದಕ್ಕಿಂತ ಹೆಚ್ಚು ಶಾಖೆಗಳು ಬೇರೆ ಬೇರೆ ಊರುಗಳಲ್ಲಿ ಏಕಕಾಲಕ್ಕೆ ನಾಟಕವಾಡುತ್ತಿದ್ದವು. ಮಕ್ಕಳದೇ ಒಂದು ತಂಡವಿತ್ತು. ಕನ್ನಡ ನಾಡಿನಾಚೆ ತಮಿಳು, ತೆಲುಗು ಸೀಮೆಗಳಲ್ಲಿಯೂ ಕಂಪನಿ ಸಂಚರಿಸಿತು. ಗಂಡಸರೇ ಸ್ತ್ರೀಪಾತ್ರ ವಹಿಸುತ್ತಿದ್ದ ಕಾಲದಲ್ಲಿ ಹೆಣ್ಣುಮಕ್ಕಳಿಗೆ ರಂಗದ ಮೇಲೆ ಗೌರವದ ಸ್ಥಾನ ದೊರೆಯುವಂತೆ ಮಾಡಿದವರಲ್ಲಿ ವೀರಣ್ಣನವರು ಪ್ರಮುಖರು. ಅವರ ಪತ್ನಿಯರಾದ ಸುಂದರಮ್ಮ ಮತ್ತು ಬಿ. ಜಯಮ್ಮ ಇಬ್ಬರೂ ಆ ಕಂಪನಿಯ ಹೆಸರಾಂತ ನಟಿಯರು. ಇದನ್ನು ನಾವು ಸಾಮಾಜಿಕ ಸುಧಾರಣೆಯೆಂದು ಹೊಗಳುತ್ತೇವೆ. ಅದು ಸರಿಯೇ. ಹಾಡು ಬಲ್ಲ, ಮಾತು ಬಲ್ಲ ಹೆಣ್ಣೊಬ್ಬಳು ತನ್ನ ವಿದ್ಯೆಯಿಂದಲೇ ತಿಂಗಳ ಸಂಬಳ ಪಡೆದು ಸಂಸಾರ ನಡೆಸಬಲ್ಲಳು ಎಂಬ ಸಾಧ್ಯತೆ ಅಲ್ಲಿ ತೆರೆದುಕೊಂಡಿತು ಎಂಬುದು ಅದಕ್ಕಿಂತ ಕಡಿಮೆ ಮಾತಲ್ಲ.

1934 ಕನ್ನಡ ಮನರಂಜನೆಯ ಇತಿಹಾಸದಲ್ಲಿ ಎರಡು ಕಾರಣಗಳಿಗಾಗಿ ನೆನಪಿಡಬೇಕಾದ ವರ್ಷ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದದ್ದು ಆಗ. ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ನಿಜವಾದ ಆನೆ, ಕುದುರೆ, ರಥಗಳೊಡನೆ ಗುಬ್ಬಿ ಕಂಪನಿ ಆಡಿದ್ದೂ ಆಗಲೇ. ಒಂದು ಕಡೆ ನಟನ ನೆರಳನ್ನು ಡಬ್ಬಿಯಲ್ಲಿ ತುಂಬಿ ಊರೂರಿಗೆ ಕಳುಹಿಸಬಲ್ಲ ಯಂತ್ರ. ಇನ್ನೊಂದು ಕಡೆ ಆನೆಯನ್ನೂ ನಟನನ್ನೂ ಪ್ರತಿದಿನ ಸಾಕಬೇಕಾದ ಕಂಪನಿ. ಈ ಸ್ಪರ್ಧೆಯ ಕೊನೆ ಏನೆಂಬುದನ್ನು ವೀರಣ್ಣನವರು ಬಹು ಬೇಗ ಊಹಿಸಿದಂತಿದೆ. ಮೂಕಿ ಚಿತ್ರಗಳ ಕಾಲದಲ್ಲಿಯೇ ಅವರು ಚಿತ್ರ ನಿರ್ಮಾಣಕ್ಕೆ ಕೈಹಾಕಿದರು. ಮುಂದೆ ‘ಜೀವನ ನಾಟಕ’, ‘ಹೇಮರೆಡ್ಡಿ ಮಲ್ಲಮ್ಮ’, ‘ಗುಣಸಾಗರಿ’ ಮೊದಲಾದ ಚಿತ್ರಗಳಲ್ಲಿ ಅವರ ಬಂಡವಾಳವೋ ಕಂಪನಿಯ ಕಲಾವಿದರ ದುಡಿಮೆಯೋ ಇತ್ತು. 1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ದ ನಿರ್ಮಾಣದಲ್ಲಿ ಗುಬ್ಬಿ ಸಂಸ್ಥೆಯಿತ್ತು, ಅದರ ನಾಯಕ, ಹಾಸ್ಯನಟ, ಇತರ ಕಲಾವಿದರು ಬಹುಪಾಲು ರಂಗಭೂಮಿಯ ಮಣ್ಣಿನಿಂದಲೇ ಬಂದವರು. ಸಿನಿಮಾ ನಾಟಕವನ್ನು ನುಂಗುವುದಾದರೆ ನಾಟಕದವರು ಸಿನಿಮಾದೊಳಗೆ ಬದುಕಲಿ ಎಂಬ ದೂರದೃಷ್ಟಿ ಇದರಲ್ಲಿ ಕಾಣುತ್ತದೆ. ಈ ಉದ್ಯಮದಲ್ಲಿ ಅವರು ಲಾಭ ಕಂಡಂತೆ ನಷ್ಟವನ್ನೂ ಕಂಡರು.

ಇಲ್ಲಿ ಅರ್ಥಶಾಸ್ತ್ರದ ಒಂದು ಮಾತು ಹೇಳುವುದು ಅವಶ್ಯಕ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ವಿಲಿಯಂ ಬಾಮಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿ ಪ್ರದರ್ಶನ ಕಲೆಗಳ ಆರ್ಥಿಕ ಇಕ್ಕಟ್ಟಿನ ಬಗ್ಗೆ ಒಂದು ಗ್ರಂಥ ಪ್ರಕಟಿಸಿದರು. ಅವರ ವಾದ ಸರಳವಾದದ್ದು. ಕಾರ್ಖಾನೆಯಲ್ಲಿ ಯಂತ್ರ ಬಂದಂತೆ ಒಬ್ಬ ಕಾರ್ಮಿಕನ ಉತ್ಪಾದನೆ ಹೆಚ್ಚುತ್ತದೆ, ಅದರೊಡನೆ ಕೂಲಿಯೂ ಏರುತ್ತದೆ. ಸಂಗೀತ, ನಾಟಕಗಳಲ್ಲಿ ಹಾಗಾಗದು. ನೂರು ವರ್ಷದ ಹಿಂದೆ ಒಂದು ನಾಟಕಕ್ಕೆ ಎಷ್ಟು ಜನ, ಎಷ್ಟು ಗಂಟೆ ಬೇಕಿತ್ತೋ ಇಂದಿಗೂ ಅಷ್ಟೇ ಬೇಕು. ‘ಸದಾರಮೆ’ಯನ್ನು ಅರ್ಧ ಜನರಿಂದ ಅರ್ಧ ಹೊತ್ತಿನಲ್ಲಿ ಮುಗಿಸಿದರೆ ಅದು ‘ಸದಾರಮೆ’ಯಾಗಿ ಉಳಿಯುವುದಿಲ್ಲ. ಹೊರಗಿನ ಜಗತ್ತಿನಲ್ಲಿ ಕೂಲಿ, ಅಕ್ಕಿ, ಬಾಡಿಗೆ ಏರುತ್ತ ಹೋದಂತೆ ನಾಟಕದ ಖರ್ಚು ಏರುತ್ತದೆ. ಆದಾಯ ಆ ಪ್ರಮಾಣದಲ್ಲಿ ಏರುವುದಿಲ್ಲ. ಆ ಅಂತರವನ್ನು ಯಾರಾದರೂ ತುಂಬಲೇಬೇಕು. ಪಶ್ಚಿಮ ದೇಶಗಳಲ್ಲಿ ಸರ್ಕಾರಗಳು, ದತ್ತಿಗಳು ತುಂಬಿದವು. ನಮ್ಮಲ್ಲಿ ಅದನ್ನು ತುಂಬಿದವರು ಕಲಾವಿದರೇ: ಕಡಿಮೆ ಸಂಬಳಕ್ಕೆ ದುಡಿದು, ಮುಪ್ಪಿಗೆ ಏನನ್ನೂ ಕೂಡಿಡದೆ.

ಹಾಗಾದರೆ ಕಂಪನಿಯ ಕಾಲದಲ್ಲಿ ಮುಪ್ಪಿನ ನಟನ ಗತಿ ಏನಾಗುತ್ತಿತ್ತು? ದೊಡ್ಡ ಕಂಪನಿಯೆಂದರೆ ನಡೆದಾಡುವ ಒಂದು ಊರು. ಸಂಬಳದ ಜೊತೆಗೆ ಊಟ, ವಸತಿ ಅಲ್ಲಿಯೇ. ಅಡುಗೆಯವರು, ಬಡಗಿಗಳು, ಪರದೆ ಬರೆಯುವವರು, ದರ್ಜಿಗಳು, ದೀಪದವರು, ಗೇಟು ಕಾಯುವವರು, ಹಾರ್ಮೋನಿಯಂ ಮತ್ತು ತಬಲಾದವರು, ಅವರ ಹೆಂಡಿರು ಮಕ್ಕಳು ಎಲ್ಲರೂ ಒಂದೇ ಒಲೆಯ ಅನ್ನ ಉಂಡವರು. ಇಂಥ ಊರಿನಲ್ಲಿ ವಯಸ್ಸಾದವನಿಗೆ ಕೆಲಸ ಮುಗಿಯುತ್ತಿರಲಿಲ್ಲ, ಬದಲಾಗುತ್ತಿತ್ತು. ಇಪ್ಪತ್ತರಲ್ಲಿ ಅಭಿಮನ್ಯುವಾದವನು ನಲವತ್ತರಲ್ಲಿ ಧರ್ಮರಾಯನಾಗುತ್ತಿದ್ದ, ಐವತ್ತೈದರಲ್ಲಿ ಭೀಷ್ಮನಾಗುತ್ತಿದ್ದ. ಕಂಠ ಕೈಕೊಟ್ಟರೆ ಪರದೆಯ ಹಿಂದೆ ನಿಂತು ಮಾತು ಎತ್ತಿಕೊಡುತ್ತಿದ್ದ. ಹುಡುಗರಿಗೆ ಪಾಠ ಹೇಳುವ ಮೇಷ್ಟ್ರಾಗುತ್ತಿದ್ದ. ಕಣ್ಣು ಮಂಜಾದರೆ ಟಿಕೆಟ್ ಹರಿಯುವ ಬಾಗಿಲಲ್ಲಿ ಕೂರುತ್ತಿದ್ದ. ಪಿಂಚಣಿ ಎಂಬ ಪದ ಅಲ್ಲಿರಲಿಲ್ಲ. ಪಿಂಚಣಿ ಮಾಡುವ ಕೆಲಸವನ್ನು ಕಂಪನಿಯ ರಚನೆಯೇ ಮಾಡುತ್ತಿತ್ತು.

ಈ ವ್ಯವಸ್ಥೆಯನ್ನು ವೀರಣ್ಣನವರೊಬ್ಬರೇ ಸೃಷ್ಟಿಸಿದರೆಂದು ನಾನು ಹೇಳಲಾರೆ. ಉತ್ತರ ಕರ್ನಾಟಕದ ಶಿರಹಟ್ಟಿ, ಕೊಣ್ಣೂರು ಕಂಪನಿಗಳಿಗೂ ಗರುಡ ಸದಾಶಿವರಾಯರ ಕಂಪನಿಗೂ ತಮ್ಮದೇ ಪರಂಪರೆಯಿತ್ತು. ಆದರೆ ಈ ವ್ಯವಸ್ಥೆ ಉಳಿಯಬೇಕಾದರೆ ಕಂಪನಿ ಮುರಿಯದೆ ನಡೆಯಬೇಕು. ಹತ್ತು ವರ್ಷ ನಡೆದು ಮುಚ್ಚಿದ ಕಂಪನಿಯಲ್ಲಿ ಯಾವ ನಟನೂ ಭೀಷ್ಮನಾಗುವಷ್ಟು ಕಾಲ ಉಳಿಯಲಾರ. ನೂರಾರು ಕಂಪನಿಗಳು ಎದ್ದು ಬಿದ್ದ ಆ ಕಾಲದಲ್ಲಿ ಒಂದು ಸಂಸ್ಥೆಯನ್ನು ಅರ್ಧ ಶತಮಾನಕ್ಕೂ ಮಿಕ್ಕಿ ನಡೆಸಿದ್ದೇ ವೀರಣ್ಣನವರು ಹಳೆಯ ಕಲಾವಿದರಿಗೆ ಮಾಡಿದ ದೊಡ್ಡ ಉಪಕಾರ. ಪ್ರಶಸ್ತಿ ಪತ್ರಗಳಲ್ಲಿ ಇದು ಕಾಣುವುದಿಲ್ಲ.

ಅವರು ಹಾಕಿದ ಇನ್ನೊಂದು ಬಂಡವಾಳ ಮನುಷ್ಯರ ಮೇಲಿನದು. ಮಂಚಿಯಿಂದ ಓಡಿಬಂದು ಕಂಪನಿ ಸೇರಿದ ಬಿ.ವಿ. ಕಾರಂತರಲ್ಲಿ ಓದಿನ ಆಸಕ್ತಿ ಕಂಡು ಕಾಶಿಗೆ ಸ್ನಾತಕೋತ್ತರ ವ್ಯಾಸಂಗಕ್ಕೆ ಕಳುಹಿಸಿದವರು ವೀರಣ್ಣನವರು. ಆ ಹುಡುಗ ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕನಾದ, 1989ರಲ್ಲಿ ಮೈಸೂರಿನ ರಂಗಾಯಣಕ್ಕೆ ಮೊದಲ ನಿರ್ದೇಶಕನಾದ. ಬಾಲ್ಯದಲ್ಲಿಯೇ ಕಂಪನಿ ಸೇರಿದ ಜಿ.ವಿ. ಅಯ್ಯರ್ 1983ರಲ್ಲಿ ಸಂಸ್ಕೃತದ ಮೊದಲ ಚಲನಚಿತ್ರ ‘ಆದಿ ಶಂಕರಾಚಾರ್ಯ’ವನ್ನು ತೆಗೆದರು. ನರಸಿಂಹರಾಜು ಕನ್ನಡ ಚಿತ್ರರಂಗದ ನಗುವಾದರು. ಚಿತ್ರಗಳು ವಿರಳವಾಗಿ ಕೈ ಬರಿದಾದ ದಿನಗಳಲ್ಲಿ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಅಯ್ಯರ್ ನಾಲ್ವರೂ ಕಲಾವಿದರ ಸಂಘ ಕಟ್ಟಿಕೊಂಡು ಊರೂರಿಗೆ ಹೋಗಿ ನಾಟಕವಾಡಿದರು. 1960ರಲ್ಲಿ ‘ರಣಧೀರ ಕಂಠೀರವ’ ಎಂಬ ಚಿತ್ರವನ್ನೂ ನಿರ್ಮಿಸಿದರು. ಕಂಪನಿಯಲ್ಲಿ ಕಲಿತ ವಿದ್ಯೆ ಕಷ್ಟಕಾಲದ ವಿಮೆಯಾಯಿತು. ಗೆದ್ದವರ ಪಾಲಿಗೆ ಇದು ನಿಜ. ಹೆಸರು ಬಾರದೆ ಹೋದ ನೂರಾರು ಮಂದಿಯ ಪಾಲಿಗೆ ಕಂಪನಿಯ ಹೊರಗೆ ಬೇರೆ ಆಸರೆ ಇರಲಿಲ್ಲ.

ವೀರಣ್ಣನವರಿಗೆ ಮಾನ ಸನ್ಮಾನಗಳು ಕಡಿಮೆಯಾಗಲಿಲ್ಲ. ಮೈಸೂರು ಮಹಾರಾಜರು ನಾಟಕರತ್ನ ಎಂಬ ಬಿರುದು ಕೊಟ್ಟರು. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಗೌರವ 1955ರಲ್ಲಿ ಬಂತು. ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ‘ಕಲೆಯೇ ಕಾಯಕ’ ಎಂಬ ಹೆಸರಿನಲ್ಲಿ ಆತ್ಮಕಥೆ ಹೊರಬಂತು. ಬಸವಣ್ಣನವರ ನಾಡಿನ ಒಬ್ಬ ನಟ ತನ್ನ ದುಡಿಮೆಗೆ ಇಟ್ಟುಕೊಳ್ಳಬಹುದಾದ ಇದಕ್ಕಿಂತ ಉಚಿತವಾದ ಹೆಸರಿಲ್ಲ. 1972ರಲ್ಲಿ ಪದ್ಮಶ್ರೀ ಸಂದಿತು, ಅದೇ ವರ್ಷದ ಅಕ್ಟೋಬರ್ 18ರಂದು ಅವರು ತೀರಿಕೊಂಡರು. ಮೊಮ್ಮಗಳು ಬಿ. ಜಯಶ್ರೀ ಅವರು ರಂಗಭೂಮಿಯಲ್ಲಿ ಆ ಹೆಸರನ್ನು ಮುಂದುವರಿಸಿ 2010ರಲ್ಲಿ ರಾಜ್ಯಸಭೆಗೂ ನಾಮಕರಣಗೊಂಡದ್ದು ನಮಗೆ ಗೊತ್ತೇ ಇದೆ.

ವೀರಣ್ಣನವರು ಹೋದ ಕಾಲಕ್ಕೆ ಸರಿಯಾಗಿ ಕಂಪನಿಗಳ ಇಳಿಗಾಲವೂ ತೀವ್ರವಾಯಿತು. ಊರಿಗೊಂದು ಟೂರಿಂಗ್ ಟಾಕೀಸು, ಬಳಿಕ ಮನೆಗೊಂದು ದೂರದರ್ಶನ. ಒಂದೊಂದಾಗಿ ಕಂಪನಿಗಳು ಪರದೆ, ತಗಡು, ಕುರ್ಚಿಗಳನ್ನು ಮಾರಿ ಚದುರಿದವು. ಆ ಚದುರುವಿಕೆಯ ಪರಿಣಾಮವನ್ನು ನಾನು ಕಂಡದ್ದು ಕೊಟ್ಟೂರಿನಲ್ಲಿ, ನನ್ನ ಸೋದರಮಾವನ ಕಿರಾಣಿ ಅಂಗಡಿಯಲ್ಲಿ. ಮಾವ ಓದಿದ್ದು ಏಳನೆಯ ಇಯತ್ತೆ. ನಾಟಕದಲ್ಲಿ ಒಮ್ಮೆಯೂ ಬಣ್ಣ ಹಚ್ಚಿದವರಲ್ಲ. ಜಾತ್ರೆಗೆ ಬಂದ ಕಂಪನಿಗಳಿಗೆ ಅಕ್ಕಿ, ಬೇಳೆ, ಬೆಲ್ಲ, ಸೀಮೆ ಎಣ್ಣೆಯನ್ನು ಉದ್ರಿ ಕೊಡುತ್ತಿದ್ದರು. ಕಂಪನಿಯ ಲೆಕ್ಕ ಬೇರೆ, ನಟರ ಸ್ವಂತ ಲೆಕ್ಕ ಬೇರೆ. ಯಾವ ಕಂಪನಿಯ ಯಾವ ಪಾತ್ರದವರು, ಯಾವ ದಿನ, ಎಷ್ಟು ಚಹಾಪುಡಿ, ಎಷ್ಟು ಬೀಡಿ ಕಟ್ಟು ಎಂಬುದೆಲ್ಲ ಕೆಂಪು ಬಟ್ಟೆಯ ಹೊದಿಕೆಯ ಉದ್ದನೆಯ ಪುಸ್ತಕಗಳಲ್ಲಿ ದಾಖಲಾಗುತ್ತಿತ್ತು. ವ್ಯಾಪಾರಿಯಾದ ಮಾವ ಹೆಸರಿನ ಮುಂದೆ ಗುರುತಿಗಾಗಿ ಪಾತ್ರವನ್ನೂ ಬರೆದುಕೊಳ್ಳುತ್ತಿದ್ದರು: ಇಂಥವರು, ಹಾರ್ಮೋನಿಯಂ, ಇಂಥವರು, ದುರ್ಯೋಧನ, ಇಂಥವರು, ಅಡುಗೆ.

ಕಲಾವಿದರಿಗೆ ರಾಜ್ಯ ಸರ್ಕಾರ ಮಾಸಾಶನ ಕೊಡುತ್ತದೆ. ವಯಸ್ಸು 58 ದಾಟಿರಬೇಕು, ದೀರ್ಘಕಾಲ ಕಲಾಸೇವೆ ಮಾಡಿದ್ದಕ್ಕೆ ದಾಖಲೆ ಇರಬೇಕು. ನಿಯಮದಲ್ಲಿ ತಪ್ಪೇನೂ ಇಲ್ಲ; ಸಾರ್ವಜನಿಕ ಹಣ ಕೊಡುವಾಗ ಪುರಾವೆ ಕೇಳಲೇಬೇಕು, ನಾನೂ ಸೇವೆಯಲ್ಲಿದ್ದಾಗ ಕೇಳಿದವನೇ. ಆದರೆ ನೇಮಕಾತಿ ಆದೇಶವಿಲ್ಲದ, ಹಾಜರಿ ಪುಸ್ತಕ ಉಳಿಯದ, ಒಡೆಯನೇ ತೀರಿಹೋದ ಕಂಪನಿಯಲ್ಲಿ ಮೂವತ್ತು ವರ್ಷ ದುಡಿದವನು ಎಲ್ಲಿಂದ ದಾಖಲೆ ತರಬೇಕು? ನಾಯಕ ನಟರ ಹೆಸರುಗಳು ಹ್ಯಾಂಡ್‌ಬಿಲ್ಲುಗಳಲ್ಲಿ ಇರುತ್ತಿದ್ದವು. ಸೇನಾಪತಿಯ, ಸಖಿಯ, ತಬಲಾದವನ ಹೆಸರು ಎಲ್ಲಿಯೂ ಅಚ್ಚಾಗುತ್ತಿರಲಿಲ್ಲ. 1990ರ ದಶಕದಲ್ಲಿ ಹೀಗೆ ಅರ್ಜಿ ತಿರಸ್ಕೃತವಾಗಿ ಬಂದ ಒಬ್ಬ ಹಳೆಯ ನಟರು ಹಿಂದಿನ ಸಲಿಗೆಯಿಂದ ಮಾವನ ಅಂಗಡಿಗೆ ಬಂದು ಕುಳಿತಾಗ ಮಾವನಿಗೆ ಅಟ್ಟದ ಮೇಲಿನ ಪುಸ್ತಕಗಳ ನೆನಪಾಯಿತು.

ಅಲ್ಲಿಂದ ಶುರುವಾದ ಕೆಲಸ ಮಾವ ತೀರಿಕೊಳ್ಳುವವರೆಗೂ ನಡೆಯಿತು. ಅವರು ಉದ್ರಿ ಪುಸ್ತಕದ ಪುಟ ಹುಡುಕಿ, ಆ ವರ್ಷ ಆ ಹೆಸರಿನವರು ಇಂಥ ಕಂಪನಿಯೊಡನೆ ಕೊಟ್ಟೂರಿಗೆ ಬಂದಿದ್ದರೆಂದು ಪ್ರಮಾಣಪತ್ರ ಬರೆದು, ಪುಟದ ಝೆರಾಕ್ಸ್ ಪ್ರತಿಗೆ ನೋಟರಿಯ ಮುದ್ರೆ ಹಾಕಿಸಿ ಅರ್ಜಿಗೆ ಲಗತ್ತಿಸುತ್ತಿದ್ದರು. ಕೂಡ್ಲಿಗಿಯಿಂದ, ಹಡಗಲಿಯಿಂದ, ಹರಪನಹಳ್ಳಿಯಿಂದ ಜನ ಹುಡುಕಿಕೊಂಡು ಬಂದರು. ಒಂದೇ ಊರಿನ ಪುಸ್ತಕ ಸಾಲದೆಂದು ಹಗರಿಬೊಮ್ಮನಹಳ್ಳಿಯ ಖಾನಾವಳಿ, ಹರಪನಹಳ್ಳಿಯ ಬಟ್ಟೆ ಅಂಗಡಿಗಳ ಹಳೆಯ ಲೆಕ್ಕಗಳನ್ನೂ ಮಾವ ತರಿಸಿಕೊಂಡರು. ಎಲ್ಲ ಅರ್ಜಿಗಳೂ ಮಂಜೂರಾಗಲಿಲ್ಲ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನು ಸೇವಾ ದಾಖಲೆಯೆಂದು ಒಪ್ಪುವುದು ಹೇಗೆಂದು ಮೇಜಿನ ಆ ಬದಿಯಲ್ಲಿದ್ದವರಿಗೆ ಪೇಚಾಟ. ಆದರೂ ಕೆಲವರು ಒಪ್ಪಿದರು. ಒಪ್ಪಿದಷ್ಟು ಮನೆಗಳಲ್ಲಿ ತಿಂಗಳಿಗೊಮ್ಮೆ ಅಂಚೆಯವನು ಬರುವಂತಾಯಿತು. ಹಲವು ಪುಟಗಳಲ್ಲಿ ಬಾಕಿ ಹಾಗೆಯೇ ಉಳಿದಿತ್ತು. ತೀರದ ಸಾಲದ ಲೆಕ್ಕವೇ ಸಾಲಗಾರನ ಮುಪ್ಪಿಗೆ ಆಧಾರವಾದದ್ದನ್ನು ನಾನು ಯಾವ ಅರ್ಥಶಾಸ್ತ್ರದ ಪಠ್ಯದಲ್ಲಿಯೂ ಓದಿಲ್ಲ. ಮಾವನಿಗೆ ಇದಕ್ಕಾಗಿ ಯಾರೂ ಶಾಲು ಹೊದಿಸಲಿಲ್ಲ. ಅವರೂ ಅದನ್ನು ಸೇವೆಯೆಂದು ಕರೆದುಕೊಳ್ಳಲಿಲ್ಲ.

ಮಾವನ ಕೆಲಸವನ್ನು ವೀರಣ್ಣನವರ ಬದುಕಿನ ಪಕ್ಕದಲ್ಲಿಟ್ಟು ಹೇಳುವುದು ಕೆಲವರಿಗೆ ಅಧಿಕಪ್ರಸಂಗವೆನಿಸಬಹುದು. ನನ್ನ ಉದ್ದೇಶ ಹೋಲಿಕೆಯಲ್ಲ. ವೀರಣ್ಣನವರ ಕಾಲದಲ್ಲಿ ಸಂಸ್ಥೆಯೇ ಮಾಡುತ್ತಿದ್ದ ಕೆಲಸವನ್ನು ಸಂಸ್ಥೆ ಹೋದ ಮೇಲೆ ಒಬ್ಬ ಕಿರಾಣಿ ವ್ಯಾಪಾರಿ ಮಾಡಬೇಕಾಯಿತು ಎಂಬುದನ್ನು ತೋರಿಸುವುದಷ್ಟೇ. ಒಬ್ಬ ವ್ಯಕ್ತಿಯ ಒಳ್ಳೆಯತನ ಅವನೊಡನೆ ಮುಗಿಯುತ್ತದೆ. ಅದಕ್ಕೇ ಸಂಸ್ಥೆ ಬೇಕು.

ಹೊರಗಿನ ಲೋಕದಲ್ಲಿ ಇದಕ್ಕೆ ಮಾದರಿಗಳಿವೆ. ಇಟಲಿಯ ಸಂಗೀತಕಾರ ಜುಸೆಪ್ಪೆ ವೆರ್ಡಿ ತನ್ನ ಕೊನೆಗಾಲದಲ್ಲಿ ಮಿಲಾನ್ ನಗರದಲ್ಲಿ ನಿವೃತ್ತ ಸಂಗೀತಗಾರರಿಗಾಗಿ ಒಂದು ವಿಶ್ರಾಂತಿಗೃಹ ಕಟ್ಟಿಸಿದ. ತನ್ನಷ್ಟು ಅದೃಷ್ಟವಿಲ್ಲದ ಸಹೋದ್ಯೋಗಿಗಳು ಮುಪ್ಪಿನಲ್ಲಿ ಬೀದಿಪಾಲಾಗಬಾರದೆಂಬುದು ಅವನ ಆಶಯ. ಅವನು ಸತ್ತದ್ದು 1901ರಲ್ಲಿ. ಮೊದಲ ನಿವಾಸಿಗಳು ಬಂದದ್ದು 1902ರಲ್ಲಿ. ಬದುಕಿರುವಾಗ ಅವರಿಂದ ಕೃತಜ್ಞತೆ ಸ್ವೀಕರಿಸುವ ಮುಜುಗರ ತನಗೆ ಬೇಡವೆಂದು ಅವನೇ ಹಾಗೆ ವ್ಯವಸ್ಥೆ ಮಾಡಿದ್ದ. ಅವನ ಸಂಗೀತ ನಾಟಕಗಳ ಗೌರವಧನ ದಶಕಗಳ ಕಾಲ ಆ ಮನೆಯನ್ನು ನಡೆಸಿತು; ಆ ಮನೆ ಇಂದಿಗೂ ಇದೆ. ಕ್ರೀಡಾಲೋಕದಲ್ಲಿ ಇಂಗ್ಲೆಂಡಿನ ವೃತ್ತಿಪರ ಫುಟ್‌ಬಾಲ್ ಆಟಗಾರರು 1907ರಲ್ಲಿಯೇ ಮ್ಯಾಂಚೆಸ್ಟರ್‌ನಲ್ಲಿ ಸಂಘ ಕಟ್ಟಿಕೊಂಡರು. ಫುಟ್‌ಬಾಲ್ ಆಟಗಾರನ ಕಾಲು ಮೂವತ್ತೈದಕ್ಕೆ ಸೋಲುತ್ತದೆ, ನಟನ ಕಂಠ ಐವತ್ತಕ್ಕೆ. ಇಂಗ್ಲೆಂಡಿನ ಹೆಸರಾಂತ ಆಟಗಾರ ಜೆಫ್ ಆಸಲ್ 2002ರಲ್ಲಿ ತೀರಿಕೊಂಡಾಗ, ವರ್ಷಗಟ್ಟಲೆ ಭಾರವಾದ ಚರ್ಮದ ಚೆಂಡನ್ನು ತಲೆಯಿಂದ ಹೊಡೆದದ್ದರಿಂದ ಬಂದ ಮಿದುಳಿನ ಹಾನಿ ಅದೆಂದೂ, ಅದು ವೃತ್ತಿಜನ್ಯ ರೋಗವೆಂದೂ ಅಲ್ಲಿನ ಮರಣ ವಿಚಾರಣಾಧಿಕಾರಿ ತೀರ್ಮಾನಿಸಿದರು. ಆ ಬಳಿಕ ಹಳೆಯ ಆಟಗಾರರ ಪರವಾಗಿ ಹೋರಾಡಿದವರು ಅವರ ಮನೆಯವರೇ. ಆಟವಾಗಲಿ ನಾಟಕವಾಗಲಿ, ನೋಡುವವರಿಗೆ ಮನರಂಜನೆ. ಮಾಡುವವರಿಗೆ ದೇಹ ಸವೆಸುವ ದುಡಿಮೆ. ಆ ಸವೆತದ ಬೆಲೆಯನ್ನು ಯಾರು ಕೊಡಬೇಕೆಂಬ ಪ್ರಶ್ನೆ ಎಲ್ಲೆಡೆಯೂ ಒಂದೇ.

ನಮ್ಮ ಸೀಮೆಗೆ ಈ ಪ್ರಶ್ನೆ ಕೇಳುವ ಹಕ್ಕು ಉಳಿದವರಿಗಿಂತ ಹೆಚ್ಚಿದೆ. ತುಂಗಭದ್ರಾ ಅಣೆಕಟ್ಟಿನ ನೀರಿನಲ್ಲಿ ನಾರಾಯಣದೇವರಕೆರೆ ಮುಳುಗಿದಾಗ ಅಲ್ಲಿನ ಜನ ನೆಲೆ ಕಂಡುಕೊಂಡ ಮರಿಯಮ್ಮನಹಳ್ಳಿ ಇಂದು ರಂಗಕಲಾವಿದರ ಊರೆಂದೇ ಹೆಸರಾಗಿದೆ. ಜೋಗತಿ ಕಲೆಗಾಗಿ 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರ ಕರ್ಮಭೂಮಿಯೂ ಅದೇ. ಹೂವಿನಹಡಗಲಿಯಲ್ಲಿ ಎಂ.ಪಿ. ಪ್ರಕಾಶರು ರಂಗಭಾರತಿಯನ್ನು ಕಟ್ಟಿದರು. ರಾಜಕಾರಣದ ಗದ್ದಲದ ನಡುವೆಯೂ 2011ರಲ್ಲಿ ತೀರಿಕೊಳ್ಳುವವರೆಗೆ ರಂಗಭೂಮಿಯ ನಂಟನ್ನು ಬಿಡಲಿಲ್ಲ. ಇಂಥ ನೆಲದಲ್ಲಿ ಹಳೆಯ ನಟನೊಬ್ಬ ತಾನು ನಟನಾಗಿದ್ದೆನೆಂದು ಸಾಬೀತುಪಡಿಸಲಾಗದೆ ಸಾಯುವುದು ನಾಚಿಕೆಗೇಡು.

ಸೇವೆಯಲ್ಲಿದ್ದ ಅನುಭವದಿಂದ ಮೂರು ಕೆಲಸಗಳನ್ನು ಸೂಚಿಸಬಯಸುತ್ತೇನೆ. ಇವು ಯಾವುವೂ ಬೊಕ್ಕಸಕ್ಕೆ ಭಾರವಾಗುವಂಥವಲ್ಲ. ಮೊದಲನೆಯದು, ಪುರಾವೆಯ ಪರಿಕಲ್ಪನೆಯನ್ನು ಅಗಲಿಸುವುದು. ಜಾತ್ರೆಯಲ್ಲಿ ಥಿಯೇಟರ್ ಹಾಕಲು ಕೊಟ್ಟ ಅನುಮತಿಯ ಕಡತಗಳು, ಹ್ಯಾಂಡ್‌ಬಿಲ್ಲುಗಳು, ಅಂಗಡಿ ಮತ್ತು ಖಾನಾವಳಿಗಳ ಲೆಕ್ಕಗಳು, ಜೊತೆಯಲ್ಲಿ ದುಡಿದ ಇಬ್ಬರು ಕಲಾವಿದರ ಪ್ರಮಾಣಪತ್ರ ಇವುಗಳನ್ನು ಒಟ್ಟಾಗಿ ಪರಿಶೀಲಿಸಿ ಒಪ್ಪಬಹುದೆಂಬ ಸ್ಪಷ್ಟ ಆದೇಶವಿದ್ದರೆ ಕೆಳಹಂತದ ಅಧಿಕಾರಿಯ ಪೇಚಾಟ ತಪ್ಪುತ್ತದೆ. ಒಳ್ಳೆಯ ಮನಸ್ಸಿದ್ದೂ ಆದೇಶವಿಲ್ಲದೆ ಕೈಕಟ್ಟಿ ಕುಳಿತವರನ್ನು ನಾನು ಬಹಳ ಕಂಡಿದ್ದೇನೆ.

ಎರಡನೆಯದು, ಎಣಿಕೆ. ಅರ್ಜಿ ಬರಲೆಂದು ಕಾಯುವ ಬದಲು ಈ ಐದು ತಾಲ್ಲೂಕುಗಳಲ್ಲಿ ಉಳಿದಿರುವ ಕಂಪನಿ ಕಲಾವಿದರನ್ನು, ಪರದೆಯ ಹಿಂದೆ ದುಡಿದವರನ್ನೂ ಸೇರಿಸಿ, ಒಮ್ಮೆ ಮನೆಮನೆಗೆ ಹೋಗಿ ಪಟ್ಟಿ ಮಾಡಬೇಕು. 1970ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತೈದರ ಮೇಲಾಗಿದೆ. ತಡ ಮಾಡಿದಷ್ಟೂ ಪಟ್ಟಿ ಚಿಕ್ಕದಾಗುತ್ತದೆ, ಅದು ಉಳಿತಾಯವಲ್ಲ. ಮೂರನೆಯದು, ವೀರಣ್ಣನವರ ಹೆಸರಿನ ಪ್ರಶಸ್ತಿಯೊಡನೆ ಅವರ ಹೆಸರಿನದೇ ಒಂದು ನಿಧಿಯನ್ನು ಸ್ಥಾಪಿಸುವುದು. ಪ್ರಶಸ್ತಿ ವರ್ಷಕ್ಕೆ ಒಬ್ಬರಿಗೆ ಸಲ್ಲುತ್ತದೆ. ಕಂಪನಿಯ ಒಲೆ ಪ್ರತಿದಿನ ಎಲ್ಲರಿಗೂ ಉರಿಯುತ್ತಿತ್ತು. ಕಂಪನಿ ರಂಗಭೂಮಿಯಿಂದ ಪ್ರತಿಭೆಯನ್ನು ಪಡೆದು ಬೆಳೆದ ಚಿತ್ರೋದ್ಯಮವೂ ಆ ನಿಧಿಗೆ ತನ್ನ ಪಾಲು ಸಲ್ಲಿಸುವುದು ಋಣಸಂದಾಯವೇ ಹೊರತು ದಾನವಾಗದು.

ವೀರಣ್ಣನವರನ್ನು ಆನೆ ತಂದ ಸಾಹಸಿಯೆಂದು ನೆನೆಯುವುದು ಸುಲಭ. ಆನೆಗೂ ಮಾವುತನಿಗೂ ಮಾತು ಎತ್ತಿಕೊಡುವ ಮುದುಕನಿಗೂ ಒಂದೇ ದಿನ ಅನ್ನದ ಏರ್ಪಾಡು ಮಾಡಿ, ಅದನ್ನು ದಶಕಗಳ ಕಾಲ ತಪ್ಪದೆ ನಡೆಸಿದ ಗೃಹಸ್ಥನೆಂದು ನೆನೆಯುವುದು ಕಷ್ಟ. ಏಕೆಂದರೆ ಆ ನೆನಪು ನಮ್ಮ ಮೇಲೂ ಒಂದಿಷ್ಟು ಹೊಣೆ ಹೊರಿಸುತ್ತದೆ. ಕಲೆಯನ್ನು ಕಾಯಕವೆಂದು ಅವರು ಕರೆದರು. ಕಾಯಕದ ಜೊತೆಗೆ ದಾಸೋಹವೂ ಇರಬೇಕೆಂಬುದು ಈ ನಾಡು ಎಂಟುನೂರು ವರ್ಷಗಳಿಂದ ನಂಬಿಕೊಂಡು ಬಂದ ಮಾತು. ಕಾಯಕವನ್ನು ಆ ಕಲಾವಿದರು ಮಾಡಿ ಮುಗಿಸಿದ್ದಾರೆ. ಉಳಿದದ್ದು ನಮ್ಮ ಪಾಲಿನದು.